ಎರಡು ಮಾತಿನ ಮೇಷ್ಟ್ರು ಅಧ್ಯಕ್ಷರಾದದ್ದು

ಮೇಷ್ಟ್ರು ನಿವೃತ್ತರಾದರು, ಅವರ ಬಾಯಿ ಮಾತ್ರ ನಿವೃತ್ತವಾಗಲಿಲ್ಲ. ಯಾವ ಸಭೆಗೆ ಹೋದರೂ "ಎರಡೇ ಎರಡು ಮಾತು ಹೇಳಿ ಕೂತುಬಿಡ್ತೀನಿ" ಎಂದು ಏಳುವರು. ಅವರು ಕೂರುವ ಹೊತ್ತಿಗೆ ಮುಂದಿನ ಸಾಲಿನವರು ಒಂದು ನಿದ್ದೆ ಮುಗಿಸಿರುತ್ತಿದ್ದರು. ಹೀಗಾಗಿ ಊರಿಗೆಲ್ಲ ಅವರು ಎರಡು ಮಾತಿನ ಮೇಷ್ಟ್ರು. ಹೂಗಿಡಗಳ ಪ್ರದರ್ಶನವಿರಲಿ, ವಾಚನಾಲಯದ ಹೊಸ ಕಪಾಟಿನ ಉದ್ಘಾಟನೆಯಿರಲಿ, ವೇದಿಕೆಯ ನಡುವಿನ ಕುರ್ಚಿ ಖಾಲಿ ಕಂಡರೆ ಅವರ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

"ಕುರ್ಚಿ ಮೇಲೆ ಇಷ್ಟು ಆಸೆ ಇದ್ರೆ ನೀವು ಬಡಗಿ ಆಗ್ಬೇಕಿತ್ತು," ಎನ್ನುತ್ತಿದ್ದರು ಅವರ ಹೆಂಡತಿ. ಆಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವರು. ಯಾರಿಗೆ ನಿಜವಾಗಿ ನೋವಿದೆ, ಯಾರು ಸುಮ್ಮನೆ ನರಳುತ್ತಿದ್ದಾರೆ ಎಂದು ಮುಖ ನೋಡಿಯೇ ಹೇಳಬಲ್ಲವರು.

ಹೀಗಿರುವಾಗ ಪೊಲೀಸರು ಹೇಗೆ ನಡೆದುಕೊಳ್ಳಬೇಕೆಂದು ಹೇಳಲು ಸಾರ್ವಜನಿಕರದೇ ಒಂದು ಸಲಹಾ ಮಂಡಳಿ ಇರಬೇಕೆಂದು ಮೇಲಿನಿಂದ ಆದೇಶ ಬಂತು. ಹಾಗೆ ಹೇಳಿಸಿಕೊಳ್ಳುವ ಉತ್ಸಾಹ ಇಲಾಖೆಯಲ್ಲಿ ಯಾರಿಗೂ ಇರಲಿಲ್ಲ. ಆದರೂ ಆದೇಶ ಆದೇಶವೇ. "ಸ್ವತಂತ್ರ ಮನೋಭಾವದ, ನಿರ್ಭೀತ ಅಧ್ಯಕ್ಷರು ಬೇಕಾಗಿದ್ದಾರೆ" ಎಂದು ಪೇಪರಿನಲ್ಲಿ ಹಾಕಿಸಿದರು. ಮೇಷ್ಟ್ರು ಅದನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿ, "ಇದು ನನ್ನನ್ನೇ ನೋಡಿ ಬರೆದ ಹಾಗಿದೆ ಕಣೇ," ಎಂದರು.

"ನಿರ್ಭೀತ ಅಂತ ಬರ್ದಿದ್ದಾರೆ ರೀ. ನಿನ್ನೆ ಜಿರಳೆ ನೋಡಿ ಮಂಚ ಹತ್ತಿದ್ದು ಯಾರು?"

ಸಂದರ್ಶನಕ್ಕೆ ಮೇಷ್ಟ್ರನ್ನು ಬಿಟ್ಟರೆ ಬಂದಿದ್ದವರು ಒಬ್ಬ ವಕೀಲೆ ಮಾತ್ರ. ಆಕೆಯನ್ನೇ ಮೊದಲು ಕರೆದರು. ಒಳಗೆ ಪೊಲೀಸ್ ಇಲಾಖೆಯ ದೊಡ್ಡ ಸಾಹೇಬರು, ಅಕ್ಕಪಕ್ಕದಲ್ಲಿ ಅವರು ತಲೆಯಾಡಿಸಿದಾಗ ತಲೆಯಾಡಿಸಲು ಇಬ್ಬರು ಅಧಿಕಾರಿಗಳು. "ಹೇಳದೆ ಕೇಳದೆ ಲಾಕಪ್ಪಿಗೆ ಬಂದು ನೋಡೋ ಅಧಿಕಾರ ಅಧ್ಯಕ್ಷರಿಗೆ ಇರುತ್ತಾ?" ಎಂದು ವಕೀಲೆ ಕೇಳಿದರು. ಸಾಹೇಬರಿಗೆ ಕೆಮ್ಮು ಬಂತು. ಅಕ್ಕಪಕ್ಕದವರಿಗೂ ಬಂತು. ಆಕೆಗೆ ನೀರು ಕೂಡ ಕೊಡದೆ ಕಳಿಸಿದರು.

ಆಮೇಲೆ ಮೇಷ್ಟ್ರ ಸರದಿ. "ಪೊಲೀಸರ ಬಗ್ಗೆ ನಿಮ್ಮ ಅಭಿಪ್ರಾಯ?" ಎಂದು ಕೇಳಿದ್ದೇ ತಡ, ಮೇಷ್ಟ್ರು ಎದ್ದು ನಿಂತರು. ಶಿಸ್ತು, ಸೇವೆ, ತ್ಯಾಗ ಎಂದು ಶುರುವಾದದ್ದು ಖಾಕಿ ಬಟ್ಟೆಯ ಹಿರಿಮೆ ದಾಟಿ ಬೂಟಿನ ಪಾಲಿಶ್‌ವರೆಗೆ ಹೋಯಿತು. ಟೀ ತಣ್ಣಗಾಯಿತು. ಸಾಹೇಬರು ಕೈಗಡಿಯಾರ ನೋಡಿದರು, ಕಿಟಕಿ ನೋಡಿದರು, ಕೊನೆಗೆ ಎದ್ದು ಬಂದು ಕೈ ಕುಲುಕಿ, "ನೀವೇ ಅಧ್ಯಕ್ಷರು ಸಾರ್, ದಯವಿಟ್ಟು ಕೂತ್ಕೊಳ್ಳಿ," ಎಂದರು. ತಮ್ಮ ಮಾತಿಗೆ ಸಾಹೇಬರೇ ಕರಗಿಹೋದರು ಎಂದು ಮೇಷ್ಟ್ರು ಮನೆಯಲ್ಲಿ ಹೇಳಿಕೊಂಡರು.

ಮೊದಲ ಸಾರ್ವಜನಿಕ ಸಭೆಗೆ ಜನ ಚೆನ್ನಾಗಿಯೇ ಸೇರಿದ್ದರು. ಅಧ್ಯಕ್ಷರ ಭಾಷಣ ಮುಗಿಯುವಾಗ ಅರ್ಧದಷ್ಟು ಜನ ಉಳಿದಿದ್ದರು. ಹಾಗೆ ಉಳಿದವರಲ್ಲಿ ಮೇಷ್ಟ್ರಿಗೆ ವರ್ಷಗಟ್ಟಲೆಯಿಂದ ಗಡ್ಡ ಹೆರೆಯುವ ಕಟಿಂಗ್ ಶಾಪಿನವನೂ ಒಬ್ಬ. ಅವನು ಎದ್ದು ನಿಂತು, "ಸಾರ್, ನನ್ನ ಅಂಗಡಿ ಮುಂದಿನ ಮೂಲೇಲಿ ದಿನಾ ಸಂಜೆ ಪೊಲೀಸ್ನೋರು ವರ್ಕ್‌ಶಾಪ್ ಕೆಲಸದವರನ್ನೇ ಹಿಡಿದು ಜೇಬು ತಡಕ್ತಾರೆ. ಕಾರಲ್ಲಿ ಹೋಗೋರ್ನ ಯಾವತ್ತೂ ನಿಲ್ಲಿಸಲ್ಲ. ಯಾಕೆ ಅಂತ?" ಎಂದ.

ವೇದಿಕೆಯಲ್ಲಿದ್ದ ಸಾಹೇಬರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಮೈಕ್ ಹಿಡಿದು, "ಸಮಯದ ಅಭಾವ ಇರೋದ್ರಿಂದ ಪ್ರಶ್ನೆಗಳನ್ನ ಇಲ್ಲಿಗೇ ನಿಲ್ಲಿಸೋಣ," ಎಂದರು. ಸಮಯವನ್ನೆಲ್ಲ ತಿಂದವರು ಯಾರೆಂದು ಸಭೆಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಕ್ಷೌರಿಕನ ಹೆಂಡತಿ ಮೇಷ್ಟ್ರ ಮನೆ ಬಾಗಿಲಿಗೆ ಬಂದಳು. "ಮೇಷ್ಟ್ರೇ, ವಿಚಾರಣೆ ಅಂತ ಹೇಳಿ ಅವರನ್ನ ಠಾಣೆಗೆ ಕರ್ಕೊಂಡು ಹೋದ್ರು. ಏನು ವಿಚಾರಣೆ ಅಂದ್ರೆ ಯಾರೂ ಬಾಯಿ ಬಿಡ್ತಿಲ್ಲ. ನೀವು ಒಂದು ಮಾತು ಹೇಳಿ."

"ಕಾನೂನು ತನ್ನ ದಾರೀಲಿ..." ಎಂದು ಮೇಷ್ಟ್ರು ಶುರು ಮಾಡಿದರು.

"ಪ್ಯಾಂಟ್ ಹಾಕ್ಕೊಳ್ಳಿ," ಎಂದರು ಹೆಂಡತಿ. ಮೇಷ್ಟ್ರು ಹಾಕಿಕೊಂಡರು.

ಠಾಣೆಯ ಮೇಜಿನ ಹಿಂದೆ ಕೂತಿದ್ದ ಪೇದೆ ತಲೆಯೆತ್ತಲಿಲ್ಲ. "ನಾನು ಸಲಹಾ ಮಂಡಳಿ ಅಧ್ಯಕ್ಷ," ಎಂದರು ಮೇಷ್ಟ್ರು, ತಮಗಾಗಿ ಕುರ್ಚಿ ಎಲ್ಲಿಂದ ಬರುತ್ತದೆಂದು ಸುತ್ತ ನೋಡುತ್ತ.

"ಸಲಹೆ ಪೆಟ್ಟಿಗೆ ಬಾಗಿಲ ಹೊರಗಿದೆ. ಚೀಟಿ ಬರೆದು ಹಾಕಿ ಹೋಗಿ."

ಮೇಷ್ಟ್ರ ಕಿವಿ ಕೆಂಪಾಯಿತು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವರಿಗೆ ಕ್ಷೌರಿಕನ ನೆನಪೂ ಇರಲಿಲ್ಲ. ಇಡೀ ಊರಿಗೆ ಅಧ್ಯಕ್ಷನಾದವನಿಗೆ ಒಬ್ಬ ಪೇದೆ ಪೆಟ್ಟಿಗೆ ತೋರಿಸುವುದೆಂದರೇನು! ದೂರು ಕೊಡಲು ಬಂದು ಬೆಂಚಿನಲ್ಲಿ ಕೂತಿದ್ದವರ ಕಡೆ ತಿರುಗಿ, ಗಂಟಲು ಸರಿಪಡಿಸಿಕೊಂಡು, "ಆತ್ಮೀಯರೇ, ಎರಡೇ ಎರಡು ಮಾತು," ಎಂದರು.

ಪೇದೆಗೆ ಅವರ ಪರಿಚಯವಿರಲಿಲ್ಲ, ಪಾಪ. ಪೊಲೀಸರು ಯಾರ ಸೇವಕರು ಎಂಬಲ್ಲಿಂದ ಶುರು ಮಾಡಿದ ಮೇಷ್ಟ್ರು ಹಿಂದಿರುಗಿ ನೋಡಲಿಲ್ಲ. ಸಂದರ್ಶನದಲ್ಲಿ ಹೊಗಳಿದ ಶಿಸ್ತು, ಸೇವೆ, ತ್ಯಾಗವನ್ನೆಲ್ಲ ಒಂದೊಂದಾಗಿ ವಾಪಸ್ ತೆಗೆದುಕೊಂಡರು. ಬೂಟಿನ ಪಾಲಿಶನ್ನೂ ಬಿಡಲಿಲ್ಲ. ಇನ್‌ಸ್ಪೆಕ್ಟರ್ ಹೊರಗೆ ಬಂದು ಗದರಿದರು. "ಮಧ್ಯೆ ಬಾಯಿ ಹಾಕಬಾರದು" ಎಂದು ಮೇಷ್ಟ್ರು ತಿರುಗಿ ಗದರಿದ ರೀತಿಗೆ, ಸಾಹಸ ಮಾಡಿದ ಆ ಅಧಿಕಾರಿಗೆ ಎಂದೋ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತದ್ದು ನೆನಪಾಗಿರಬೇಕು, ಅವರು ತೆಪ್ಪಗೆ ಒಳಗೆ ಹೋದರು. ಎತ್ತಿ ಹೊರಗೆ ಹಾಕೋಣವೆಂದರೆ ಹಾಗೂ ಇಲ್ಲ: ಅಧ್ಯಕ್ಷರಾಗಿ ಇವರ ಫೋಟೋ ಸಾಹೇಬರ ಪಕ್ಕದಲ್ಲೇ ಅಂದಿನ ಪೇಪರಿನಲ್ಲಿ ಬಂದಿತ್ತು. ಬೀದಿಯ ಜನ ಬಾಗಿಲಲ್ಲಿ ಸೇರತೊಡಗಿದರು. ಎಂದೂ ಯಾರೂ ಕೂತು ಕೇಳದ ಮೇಷ್ಟ್ರ ಮಾತನ್ನು ಅಂದು ಜನ ನಿಂತು ಕೇಳಿದರು.

ಊಟದ ಹೊತ್ತು ಮೀರಿತು. ಕೊನೆಗೆ ಇನ್‌ಸ್ಪೆಕ್ಟರ್ ಕ್ಷೌರಿಕನನ್ನು ಕರೆತಂದು ಮೇಷ್ಟ್ರ ಮುಂದೆ ನಿಲ್ಲಿಸಿ, "ಕರ್ಕೊಂಡು ಹೋಗಿ ಸಾರ್, ನಿಮ್ಮ ದಮ್ಮಯ್ಯ," ಎಂದರು.

"ಇನ್ನೂ ಪೀಠಿಕೆ ಮುಗಿದಿಲ್ಲ," ಎಂದರು ಮೇಷ್ಟ್ರು. ಕ್ಷೌರಿಕನೇ ಅವರ ತೋಳು ಹಿಡಿದು ಹೊರಗೆ ನಡೆಸಿದ.

ಸಲಹಾ ಮಂಡಳಿಯನ್ನು ತಕ್ಷಣವೇ "ಪುನರ್‌ರಚಿಸಿದರು." ಹೊಸ ಅಧ್ಯಕ್ಷರನ್ನು ಹುಡುಕುವಾಗ ಇಲಾಖೆ ನಿರ್ಭೀತ ಎಂಬ ಪದ ಬಿಟ್ಟು, ಮಿತಭಾಷಿ ಎಂದು ಸೇರಿಸಿತು. ವಕೀಲೆ ಮತ್ತೆ ಹೋದರು. ಮತ್ತೆ ಎಲ್ಲರಿಗೂ ಕೆಮ್ಮು ಬಂತು. ಈಗಿನ ಅಧ್ಯಕ್ಷರು ಎಷ್ಟು ಮಿತಭಾಷಿಯೆಂದರೆ ಅವರ ದನಿ ಹೇಗಿದೆಯೆಂದು ಯಾರಿಗೂ ತಿಳಿಯದು.

ಮೇಷ್ಟ್ರು ಕೆಲವು ದಿನ ಮುಖ ಊದಿಸಿಕೊಂಡು ಮನೆಯಲ್ಲೇ ಇದ್ದರು. ಭಾಷಣ ಒಳಗೇ ಉಳಿದು ಹೊಟ್ಟೆ ಕೆಡುತ್ತಿದೆ ಎಂದು ಹೆಂಡತಿಯೇ ಅವರನ್ನು ಹೊರಗೆ ಅಟ್ಟಿದರು. ಅಂದಿನಿಂದ ಸಂಜೆ ಅವರು ಕಟಿಂಗ್ ಶಾಪಿನ ಮುಂದಿನ ಮೂಲೆಯಲ್ಲಿ ನಿಲ್ಲುತ್ತಾರೆ. ಗಸ್ತಿನ ಪೇದೆಗಳು ದೂರದಿಂದಲೇ ಅವರನ್ನು ಕಂಡು ಪಕ್ಕದ ಬೀದಿಗೆ ತಿರುಗುತ್ತಾರೆ. ಜೇಬು ತಡಕುವವರಿಲ್ಲದ್ದರಿಂದ ವರ್ಕ್‌ಶಾಪಿನವರು ಹಾಯಾಗಿ ಬರುತ್ತಾರೆ. ಆದರೆ ಮೇಷ್ಟ್ರು ಗಂಟಲು ಸರಿಪಡಿಸಿಕೊಳ್ಳುವ ಸದ್ದು ಕೇಳಿದ್ದೇ ಅವರೂ ಹೆಜ್ಜೆ ಚುರುಕು ಮಾಡುತ್ತಾರೆ.