ಜ್ವರ ಒಂದು ಬಾಗಿಲಿಗೆ, ಕುರಿ ಇನ್ನೊಂದು ಬಾಗಿಲಿಗೆ

ಜ್ವರ ಮೊದಲು ಬಂದದ್ದು ಸಂಜೆ, ರೊಟ್ಟಿ ಬಡಿಯುತ್ತ ಕುಳಿತಾಗ. ಒಲೆಯ ಮುಂದೆ ಕೂತವಳಿಗೆ ಚಳಿ. ಹಿಟ್ಟಿನ ಕೈಯಲ್ಲೇ ಕಂಬಳಿ ಹೊದ್ದುಕೊಂಡೆ. ಬೆಳಗಾಗುವಷ್ಟರಲ್ಲಿ ಮೈಯೆಲ್ಲ ಬೆವರಿ, ಹಾಸಿಗೆ ಒದ್ದೆಯಾಗಿ, ಜ್ವರ ಇಳಿದಿತ್ತು. ಬಿಸಿಲಿಗೆ ಹೀಗಾಗಿದೆ ಎಂದುಕೊಂಡೆ.

ಸ್ವಲ್ಪ ದಿನ ಬಿಟ್ಟು ಮತ್ತೆ ಬಂತು.

"ಏನವಾ, ನಿನ್ನ ಜ್ವರ ಪಂಚಾಯ್ತಿ ನಳದ ನೀರಿನಂಗ ಆತಲ್ಲ. ಇವತ್ತ ಬರತೈತಿ, ನಾಳೆ ಬರಂಗಿಲ್ಲ" ಎಂದು ಅತ್ತೆ ನಕ್ಕರು. ನಾನೂ ನಕ್ಕೆ. ನಗುವಾಗ ಸೊಂಟ ಚಳಕ್ ಎಂದಿತು.

ನಮ್ಮದು ಹತ್ತರಗಿಯಿಂದ ಒಳಗೆ ಹೋದರೆ ಸಿಗುವ ಸಣ್ಣ ಊರು. ಹೊಲವೂ ಇದೆ, ಕುರಿಗಳೂ ಇವೆ. ಈಯುವಾಗ ಕುರಿಗೆ ಕಷ್ಟವಾದರೆ ಮರಿ ಎಳೆಯಲು ಊರವರು ಕರೆಯುತ್ತಿದ್ದುದು ನನ್ನನ್ನೇ. ನನ್ನ ಕೈಗುಣ ಚಲೋ ಎಂದು ಹೆಸರು. ಮೂಡಲಗಿ ಕಡೆಯ ತವರಿನಲ್ಲಿ ನಮ್ಮಜ್ಜಿ ಕಲಿಸಿದ ಕೆಲಸ ಅದು. ಬಳೆ ತೆಗೆದಿಡಬೇಕು, ಉಗುರು ಕತ್ತರಿಸಿರಬೇಕು, ಕೈಗೆ ಎಣ್ಣೆ ಹಚ್ಚಬೇಕು. ತಾಯಿಕುರಿಗೆ ಗೀರು ಬೀಳಬಾರದು. ಎಲ್ಲ ಎಚ್ಚರಿಕೆಯೂ ಕುರಿಗಾಗಿ. ನಮ್ಮ ಕೈಗೆ ಏನಾದೀತು ಎಂದು ಅಜ್ಜಿಗೂ ಯಾರೂ ಹೇಳಿರಲಿಲ್ಲ.

ಆ ವರ್ಷ, ಜ್ವರ ಬರುವ ಸ್ವಲ್ಪ ಮುಂಚೆ, ನಮ್ಮ ಕುರಿಗಳು ಒಂದರ ಹಿಂದೆ ಒಂದು ಕಂದು ಹಾಕಿದವು. ದಿನ ತುಂಬದ ಮರಿಗಳು ಸತ್ತೇ ಬೀಳುತ್ತಿದ್ದವು. ಮರಿಯನ್ನೂ ಮಾಸನ್ನೂ ಬರಿಗೈಯಲ್ಲಿ ನಾನೇ ತೆಗೆದೆ.

ಕುರಿಯ ಮಾತನ್ನು ನಮ್ಮವರು ದನದ ದವಾಖಾನೆಯಲ್ಲಿ ಹೇಳಿದರು. ಜ್ವರದ ಮಾತನ್ನು ನಾನು ಗೋಕಾಕದ ಒಂದು ದವಾಖಾನೆಯಲ್ಲಿ ಹೇಳಿದೆ. ಅಲ್ಲಿ ಕುರಿಗೆ ಔಷಧ ಕೊಟ್ಟರು. ಇಲ್ಲಿ ನನಗೆ ಟೈಫಾಯ್ಡ್ ಎಂದು ಸಲೈನ್ ಹಚ್ಚಿದರು. ಇಳಿಯಿತು, ಬಂತು. ಮತ್ತೊಬ್ಬ ಡಾಕ್ಟರು, ಮತ್ತೆ ಇಂಜೆಕ್ಷನ್. ಅವರ ಮುಂದೆ ಕುರಿಯ ಮಾತು ಎತ್ತುವುದು ಹೇಗೆ? ನಾವು ಬೆಳೆದದ್ದೇ ಹಾಗೆ. ದವಾಖಾನೆಗೆ ಹೊರಟರೆ ಮಡಚಿಟ್ಟ ಸೀರೆ ಉಟ್ಟು, ಕುರಿವಾಸನೆ ಬರದಂತೆ ಸಾಬೂನು ಹಚ್ಚಿ ಕೈ ತೊಳೆದು, ಹಟ್ಟಿಯನ್ನು ಹೊರಗೇ ಬಿಟ್ಟು ಒಳಗೆ ಹೋಗಿ ಕೂರುತ್ತೇವೆ.

ಮಳೆಗಾಲ ಮುಗಿಯುವಷ್ಟರಲ್ಲಿ ಹಾಸಿಗೆಯಿಂದ ಏಳುವುದೇ ದೊಡ್ಡ ಕೆಲಸವಾಯಿತು. ಗೋಡೆ ಹಿಡಿಯಬೇಕು. ಉಸಿರು ಬಿಗಿಹಿಡಿಯಬೇಕು. ಬಲಗಾಲು ಜೋಮು. ಮಗಳಿಗೆ ಜಡೆ ಹಾಕಲೂ ಕೂರಲಾಗದೆ, ಅವಳೇ ಅರ್ಧಂಬರ್ಧ ಹೆಣೆದುಕೊಂಡು ಸಾಲೆಗೆ ಹೋಗುತ್ತಿದ್ದಳು.

ಇನ್ನು ನಾನು ನಡೆಯುವುದಿಲ್ಲ ಎಂದೇ ತಿಳಿದೆ.

ಆಗ ಹತ್ತರಗಿಗೆ ಶಿಬಿರ ಬಂತು. ಒಂದು ಟ್ರಸ್ಟಿನ ಆಸ್ಪತ್ರೆ, ಪಶುವೈದ್ಯರು, ಹಾಲಿನ ಸಂಘ ಎಲ್ಲ ಕೂಡಿ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕುರಿ-ದನ ಸಾಕುವ ಊರುಗಳಿಗೆಂದೇ ಮಾಡಿದ್ದು. ಒಂದೇ ಪೆಂಡಾಲು. ಮನುಷ್ಯರ ಡಾಕ್ಟರ ಟೇಬಲ್ಲಿನ ಬಾಜೂಕ್ಕೇ ಪಶುವೈದ್ಯೆಯ ಟೇಬಲ್ಲು. ನಾನು ಇಲ್ಲಿ ಜ್ವರ ಹೇಳುತ್ತಿದ್ದೆ, ನಮ್ಮವರು ಅಲ್ಲಿ ಕುರಿ ಹೇಳುತ್ತಿದ್ದರು.

"ಸತ್ತ ಮರಿ ತಗದವರು ಯಾರ್ರಿ?" ಪಶುವೈದ್ಯೆ ಕೇಳಿದರು.

"ನಮ್ಮಾಕೀನ ರಿ. ಇಲ್ಲೇ ಕುಂತಾಳ ನೋಡ್ರಿ."

"ಕೈಗೆ ಗ್ಲೌಸ್ ಹಾಕ್ಕೊಂಡಿದ್ರೇನು?"

"ಗ್ಲೌಸ್ ಎಲ್ಲೀದ್ರಿ ಮೇಡಂ, ಬಳಿ ಸೈತ ತಗದಿಡ್ತಾಳ!" ಹೆಂಡತಿಯನ್ನು ಹೊಗಳುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು.

ಪಶುವೈದ್ಯೆ ನಗಲಿಲ್ಲ. ಖುರ್ಚಿ ತಿರುಗಿಸಿ ಬಾಜೂದ ಡಾಕ್ಟರಿಗೆ ಏನೋ ಹೇಳಿದರು. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಕೈ ನೋಡಿದರು. ನಮ್ಮವರು ಹಿಡಿದು ತಂದಿದ್ದ ಕುರಿಯ ರಕ್ತ, ನನ್ನ ರಕ್ತ, ಎರಡೂ ಅಂದೇ ಲ್ಯಾಬಿಗೆ ಹೋದವು.

ಬ್ರೂಸೆಲ್ಲೋಸಿಸ್. ಕಂದು ಹಾಕಿದ ಕುರಿಯ ಮಾಸಿನಿಂದ, ಕಾಯಿಸದ ಹಾಲಿನಿಂದ ಮನುಷ್ಯರಿಗೂ ಹತ್ತುವ ರೋಗವಂತೆ.

ಕುರಿಗೂ ಅದೇ. ನನಗೂ ಅದೇ.

ಎಂಆರ್‌ಐ ಚಿತ್ರವನ್ನು ಡಾಕ್ಟರು ಬೆಳಕಿಗೆ ಹಿಡಿದು ನೋಡಿದರು. "ಜ್ವರಕ್ಕ ಗುಳಿಗಿ ಅದಾವ್ರಿ ಅಕ್ಕಾರ, ನಡುವ ಬಿಡಬ್ಯಾಡ್ರಿ. ಆದರ ಬೆನ್ನಿನ ಎಲುಬು ಸವದೈತಿ. ಸವದದ್ದು ತಿರುಗಿ ಬರಂಗಿಲ್ಲ. ಮೊದಲ ಗೊತ್ತಾಗಿದ್ರ ಇಷ್ಟ ಆಗ್ತಿರಲಿಲ್ಲ."

ಮೊದಲು. ಈ ಒಂದು ಮಾತು ಬೆನ್ನಿಗಿಂತ ಹೆಚ್ಚು ನೋಯಿಸುತ್ತದೆ. ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಕೆಟ್ಟವರೂ ಅಲ್ಲ. ಅರ್ಧ ಮಾತು ಒಂದು ಕಡೆ ಹೋಯಿತು, ಇನ್ನರ್ಧ ಇನ್ನೊಂದು ಕಡೆ. ಎರಡೂ ಕೂಡುವ ಒಂದು ಪೆಂಡಾಲು ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಎದ್ದಿದ್ದರೆ ನಾನು ಇವತ್ತು ನೆಲಕ್ಕೆ ಕೂತು ಊಟ ಮಾಡುತ್ತಿದ್ದೆ.

ಗುಳಿಗೆ ಶುರುವಾದ ಮೇಲೆ ಮೂತ್ರ ಕೆಂಪಾಯಿತು. "ಅಯ್ಯ ಬೀರಪ್ಪ, ಒಳಗ ಏನ ಹರೀತವಾ!" ಎಂದು ಅತ್ತೆ ಬಾಯಿಗೆ ಸೆರಗು ಹಿಡಿದರು. "ಗುಳಿಗಿ ಬಣ್ಣರಿ ಅತ್ತಿ, ಡಾಕ್ಟರು ಮೊದಲ ಹೇಳ್ಯಾರ" ಎಂದೆ. "ಹೋಳಿ ಹುಣ್ಣಿವಿ ನಿನಗ ಬ್ಯಾರೇನ ಬಂತು ಹಂಗಾದ್ರ" ಎಂದರು. ಅವತ್ತಿನಿಂದ ಅವರು ಉಕ್ಕುವವರೆಗೆ ಕಾಯಿಸದೆ ಯಾರ ಬಾಯಿಗೂ ಹಾಲು ಕೊಟ್ಟಿಲ್ಲ.

ಜ್ವರ ನಿಂತಿದೆ. ಬೆಲ್ಟ್ ಕಟ್ಟಿಕೊಂಡು ನಡೆಯುತ್ತೇನೆ. ನಿಧಾನ, ಆದರೂ ನಡೆಯುತ್ತೇನೆ. ಬಗ್ಗಿ ಮರಿ ಎಳೆಯುವುದು ಮಾತ್ರ ಮುಗಿಯಿತು. ಯಾರಾದರೂ ಕರೆಯಲು ಬಂದರೆ ಅತ್ತೆಯೇ ಹೊರಗೆ ಹೋಗಿ ಹೇಳಿ ಕಳಿಸುತ್ತಾರೆ. ನಾನು ಒಳಗೇ ಇರುತ್ತೇನೆ.

ಮೊನ್ನೆ ಅಂಕಲಗಿಯ ಶಿಬಿರಕ್ಕೆ, ಬರುವ ಹೆಂಗಸರ ಕೂಡ ಮಾತಾಡಲೆಂದು, ಟ್ರಸ್ಟಿನವರು ನನ್ನನ್ನೂ ಕರೆದಿದ್ದರು. ಮಡಿಕೆ ಮುರಿಯದ ಸೀರೆ ಉಟ್ಟ ಒಬ್ಬ ಹೆಂಗಸು ಡಾಕ್ಟರ ಮುಂದೆ ಕೂತು, ಜ್ವರ ಬಂದು ಹೋಗುತ್ತದೆ ಎಂದಷ್ಟೇ ಹೇಳಿದಳು. ನಾನು ಪಕ್ಕದಲ್ಲಿ ನಿಂತು ಕೇಳಿದೆ.

"ಕುರಿ ಅದಾವೇನವಾ ಮನ್ಯಾಗ?"

"ಕುರಿ ಮಾತ ಇಲ್ಲ್ಯಾಕ ಬೇ?" ಎಂದು ಆಕೆ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇಲ್ಲೇ ಹೇಳಬೇಕವಾ. ನಾ ಹೇಳಲಿಲ್ಲ."

ಆಕೆ ನನ್ನ ಬೆಲ್ಟ್ ನೋಡಿದಳು. "ಬೆನ್ನ ಸರಿ ಆಗತೈತೇನ ನಿಂದು?"

"ಇಲ್ಲವಾ. ಇಷ್ಟ ಉಳೀತು."

ಆಕೆ ಸೆರಗಿನೊಳಗಿನ ಕೈ ಹೊರಗೆ ತೆಗೆದಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ನಮ್ಮ ಕುರಿನೂ ಕಂದ ಹಾಕ್ಯಾವ್ರಿ" ಎಂದಳು.