ಪಾಳು ಕಟ್ಟಡವೂ ಈರಮ್ಮನ ಒಲೆಯೂ

ಸುದ್ದಿ ಸಿಗದ ದಿನ ವರದಿಗಾರ ಏನು ಮಾಡುತ್ತಾನೆಂದು ನೀವು ಯೋಚಿಸಿರಲಾರಿರಿ. ಬೇರೆಯವರದು ಗೊತ್ತಿಲ್ಲ, ನಾನಂತೂ ಪಾಳು ಕಟ್ಟಡ ಹುಡುಕಿಕೊಂಡು ಹೋಗುತ್ತಿದ್ದೆ. ತೊಂಬತ್ತರ ದಶಕದಿಂದ ಕೊಟ್ಟೂರಿನಲ್ಲಿ ಕೂತು ಜಿಲ್ಲೆಯ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದವನು ನಾನು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗೂ ಬಸ್ಸು ಹತ್ತಿ ಹೋಗಿ ಬರುತ್ತಿದ್ದೆ. ಕಳ್ಳತನ ದಿನಾ ಆಗುವುದಿಲ್ಲ, ಮಂತ್ರಿಗಳು ದಿನಾ ಬರುವುದಿಲ್ಲ. ಪಾಳು ಕಟ್ಟಡ ಮಾತ್ರ ನಂಬಿಗಸ್ತ. ಹೋದಾಗ ಇದ್ದಲ್ಲೇ ಇರುತ್ತದೆ, ಮರುದಿನ ‘ನಾನು ಹಾಗೆ ಹೇಳಿಯೇ ಇಲ್ಲ’ ಅನ್ನುವುದಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನಾನು ನಾಲ್ಕಾರು ಊರಿನ ಗೌಡ.

ವರದಿಯ ಭಾಷೆಯೂ ಸಿದ್ಧವಾಗಿಯೇ ಇರುತ್ತಿತ್ತು. ಕಿಟಕಿ ಬಾಗಿಲು ಕಿತ್ತುಹೋಗಿವೆ, ಜಾಲಿ ಬೆಳೆದು ನಿಂತಿದೆ, ಹಂದಿ ನಾಯಿಗಳ ಆಶ್ರಯತಾಣವಾಗಿದೆ. ಕೊನೆಗೆ ‘ಸಂಬಂಧಪಟ್ಟವರು ಇನ್ನಾದರೂ ಇತ್ತ ಗಮನ ಹರಿಸುವರೇ ಕಾದು ನೋಡಬೇಕಿದೆ’ ಎಂಬ ಮಂಗಳಾರತಿ. ನಾನೂ ಕಾದು ನೋಡಿದೆ. ವರದಿಯಿಂದ ಕೆಲಸ ಆಯಿತೆಂದು ಪತ್ರಿಕೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳುವ ‘ವರದಿ ಪರಿಣಾಮ’ ಅಂತ ಒಂದು ಪುಟ್ಟ ಸುದ್ದಿ ಬರುತ್ತದೆ ನೋಡಿ, ಅದು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಹರಪನಹಳ್ಳಿಯ ಗೆಳೆಯನಿಗೆ ಒಂದು ಸಿಕ್ಕಿತ್ತು. ಯಾವುದೋ ಮೋರಿಗೆ ಚಪ್ಪಡಿ ಮುಚ್ಚಿದ್ದರು, ಅಷ್ಟೆ. ಪುಣ್ಯಾತ್ಮ ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಅಲ್ಲ, ಯಾವುದನ್ನು ಪಾಳು ಅನ್ನಬೇಕು? ಕೋಗಳಿಯ ಜೈನ ಬಸದಿಗೆ ಎಷ್ಟು ಶತಮಾನವಾಯಿತೋ, ಅದನ್ನು ಪಾಳು ಅಂದರೆ ಪಂಡಿತರು ಜಗಳಕ್ಕೆ ಬರುತ್ತಾರೆ. ಮೊನ್ನೆ ಮೊನ್ನೆ ಕಟ್ಟಿದ ಕ್ವಾರ್ಟರ್ಸನ್ನು ಪಾಳು ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಬಹಳ ಹಳೆಯದಾದರೆ ಕಟ್ಟಡಕ್ಕೆ ಮರ್ಯಾದೆ, ಸ್ವಲ್ಪ ಹಳೆಯದಾದರೆ ಅವಮಾನ. ಈ ಮಾತು ಮನುಷ್ಯರಿಗೂ ಸಲ್ಲುತ್ತದೆಂದು ಐವತ್ತು ದಾಟಿದ ಮೇಲೆ ತಿಳಿಯುತ್ತಿದೆ.

ನನ್ನ ವರದಿಗಳಿಗೆ ಪರಿಣಾಮ ಯಾಕಿಲ್ಲವೆಂದು ಒಬ್ಬ ಗುಮಾಸ್ತರು ಚಹಾ ಕುಡಿಯುತ್ತ ಬಿಡಿಸಿ ಹೇಳಿದರು. “ನೀವು ಬರದ್ರಿ ಅಂದ್ರ ಮುಗೀತು ನೋಡ್ರಿ. ಮ್ಯಾಲಿನೋರು ವಿವರಣೆ ಕೇಳ್ತಾರ, ನಾವು ಕಳಸ್ತೀವಿ. ಅವರು ಮತ್ತ ಕೇಳ್ತಾರ. ಅದು ಮುಗಿಯೋತನಕ ಆ ಕಟ್ಟಡಕ್ಕ ಯಾರೂ ಕೈ ಹಚ್ಚಂಗಿಲ್ಲ.” ಇದು ನನಗೊಬ್ಬನಿಗೇ ಹೊಸದು. ಪೇಪರಿನಲ್ಲಿ ಬಂದ ಕೆಲಸ ಆಗುವುದಿಲ್ಲವೆಂದು ಬಜಾರಿಗೆಲ್ಲ ಗೊತ್ತಿತ್ತು.

ಈರಮ್ಮನಿಗೂ ಗೊತ್ತಿತ್ತು. ಕೊಟ್ಟೂರಿನ ಒಂದು ಹಳೆಯ ಕಚೇರಿ, ಯಾವುದೆಂದು ಕೇಳಬೇಡಿ, ಹೊಸ ಕಟ್ಟಡಕ್ಕೆ ಹೋದ ಮೇಲೆ ಖಾಲಿಬಿದ್ದ ಹಳೆಯ ಕಟ್ಟಡದ ಪಡಸಾಲೆಯಲ್ಲಿ ಅವಳು ಮಿರ್ಚಿ ಮಂಡಕ್ಕಿ ಮಾಡುತ್ತಿದ್ದಳು. ನಮ್ಮ ಕಡೆಯ ಗಾಳಿ ಬಯಲಲ್ಲಿ ಒಲೆ ಉರಿಯಲು ಬಿಡುವುದಿಲ್ಲ. ಆ ಕಲ್ಲುಗೋಡೆಯ ಮರೆಯಿಂದಲೇ ಅವಳ ಮನೆ ನಡೆಯುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಒಂದು ಸಂಜೆ ಹೋದರೆ ಒಲೆ ಹಚ್ಚಿರಲಿಲ್ಲ.

“ಅಣ್ಣಾರ, ಇದನ್ನ ಕೆಡವ್ತಾರಂತ. ಮಳಿಗಿ ಕಟ್ಟಸ್ತಾರಂತ. ಬರೂ ವಾರ ಜೆಸಿಬಿ ಬರ್ತೈತಂತ. ನಾ ಎಲ್ಲಿಗೆ ಹೋಗ್ಲಿ?”

ನನಗೆ ರೇಗಿತು. ಗೋಡೆ ಒಂದಿಷ್ಟೂ ಬಿರಿದಿಲ್ಲ, ಕೆಡವುವುದೆಂದರೇನು? “ಕೆಡವಬಾರದು ಅಂತ ಜಡದು ಬರೀತೀನಿ ತಡಿ” ಅಂದೆ.

ಈರಮ್ಮ ಹಣೆ ಹಣೆ ಬಡಿದುಕೊಂಡಳು. “ಅಯ್ಯ ಶಿವನ! ಹಂಗ ಬರದ್ರ ಕೆಡವೇ ಬಿಡ್ತಾರ. ಪಾಳು ಬಿದ್ದೈತಿ, ಲಗೂನ ಕೆಡವ್ರಿ ಅಂತ ಬರೀರಿ.”

“ಕೆಡವ್ರಿ ಅಂತ?”

“ಹ್ಞೂಂ ಮತ್ತ. ನೀವು ಕೇಳಿದ್ದು ಯಾವತ್ತರ ಆಗೈತೇನ್ರಿ?”

ಇಷ್ಟು ವರ್ಷದ ನನ್ನ ಪತ್ರಿಕಾವೃತ್ತಿಯನ್ನು ಯಾರೂ ಇಷ್ಟು ಚುಟುಕಾಗಿ ವಿಮರ್ಶಿಸಿರಲಿಲ್ಲ. ಮನಸ್ಸಿಗೆ ಚುಚ್ಚಿತು, ಆದರೂ ಬರೆದೆ. ಸುಳ್ಳು ಬರೆಯಲಿಲ್ಲ. ಕಿಟಕಿ ಇರಲಿಲ್ಲ, ಹಿತ್ತಲಲ್ಲಿ ಜಾಲಿ ಇತ್ತು, ಹಂದಿಗಳಂತೂ ಹೇರಳ. ‘ಕೆಡವಲು ವಿಳಂಬವೇಕೆ?’ ಎಂದು ಮುಗಿಸಿದೆ. ಅದು ಬರಿಯ ಪ್ರಶ್ನೆ, ಪ್ರಶ್ನೆ ಕೇಳುವುದು ನನ್ನ ಕಸುಬು. ನನ್ನ ಬರಹ ವ್ಯರ್ಥವಾಗಲಪ್ಪಾ ಎಂದು ದೇವರಿಗೆ ಕೈಮುಗಿದದ್ದು ಅದೇ ಮೊದಲು.

ಹೇಳಿದ ವಾರ ಜೆಸಿಬಿ ಬಂದೇಬಿಟ್ಟಿತು. ಈರಮ್ಮ ಬಾಣಲೆ ತಬ್ಬಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು, ನನ್ನ ಕಡೆ ನೋಡಲೇ ಇಲ್ಲ. ಅಷ್ಟರಲ್ಲಿ ಸಾಹೇಬರೊಬ್ಬರು ನನ್ನ ಪೇಪರನ್ನೇ ಕೈಯಲ್ಲಿ ಹಿಡಿದು ಓಡಿಬಂದರು. “ನಿಲ್ಲಸ್ರಿ! ಪೇಪರ್‌ನ್ಯಾಗ ಬಂದೈತಿ, ಮ್ಯಾಲಿಂದ ವಿವರಣೆ ಕೇಳ್ಯಾರ. ಅದು ಇತ್ಯರ್ಥ ಆಗೋತನಕ ಒಂದು ಕಲ್ಲೂ ಮುಟ್ಟಬ್ಯಾಡ್ರಿ.” ಜೆಸಿಬಿ ತಂಬ್ರಹಳ್ಳಿ ಕಡೆ ಯಾವುದೋ ಕೆಲಸಕ್ಕೆ ಹೊರಟುಹೋಯಿತು. ವಿವರಣೆ ಹೋಗುತ್ತಲೂ ಬರುತ್ತಲೂ ಇತ್ತು, ಈರಮ್ಮನ ಒಲೆ ಉರಿಯುತ್ತಲೇ ಇತ್ತು. ನನ್ನ ಬಾಳಿನ ಒಂದೇ ಒಂದು ವರದಿ ಪರಿಣಾಮ ಅದು. ಪತ್ರಿಕೆಗೆ ಹೇಳಿಕೊಳ್ಳುವ ಹಾಗಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಪಡಸಾಲೆ ಸೋರತೊಡಗಿತು. ಹನಿ ಬಾಣಲೆಗೆ ಬಿದ್ದು ಎಣ್ಣೆ ಚಟಚಟ ಸಿಡಿಯುತ್ತಿತ್ತು. ಜೇಬಿನಿಂದ ಪೆನ್ನು ತೆಗೆದು, “ಈರಮ್ಮಾ, ಹಂಚು ಹೊದಿಸಬೇಕು ಅಂತ ಬರೀಲೇನು?” ಅಂದೆ.

ಅವಳು ಎಣ್ಣೆಯಿಂದ ಮಿರ್ಚಿ ಎತ್ತುವ ಜಾರಿಯನ್ನು ಕೆಳಗಿಟ್ಟು ಎರಡೂ ಕೈ ಮುಗಿದಳು.

“ಬ್ಯಾಡ್ರಿ ಅಣ್ಣಾರ, ನಿಮ್ಮ ಕಾಲಿಗೆ ಬೀಳ್ತೀನಿ! ಹಂಚು ಹೊದಿಸ್ಕೋ ಅಂತ ಸಾಹೇಬ್ರು ಇವತ್ತರ ಒಪ್ಯಾರ.”

ಪೆನ್ನು ಜೇಬಿಗಿಟ್ಟು ಮಿರ್ಚಿಗೆ ಕೈಹಾಕಿದೆ.