ಅಣಬೆ ಹವಳಕ್ಕೆ ಎರೆದ ಹಾಲು

ಸುರಪುರದಲ್ಲಿ ನನ್ನ ತಂಗಿ ತೀರಿಕೊಂಡ ಮೇಲೆ ಅವಳ ಮಗಳನ್ನು ಶಹಾಪುರದ ನಮ್ಮ ಮನೆಗೆ ಕರೆತಂದೆವು. ಹುಡುಗಿಗೆ ಆಗ ಎಂಟು ವರ್ಷ. ತಂದೆ ಅದಕ್ಕೂ ಮೊದಲೇ ಹೋಗಿದ್ದ. ನನ್ನ ಹೆಂಡತಿಯನ್ನು ಹದಿನೈದು ದಿನಕ್ಕೇ 'ಅತ್ತಿ' ಅಂದಳು. ನನ್ನನ್ನು ಮಾತ್ರ ಏನೂ ಅನ್ನಲಿಲ್ಲ. ಸೋದರಮಾವನನ್ನು 'ನೀ' ಅನ್ನಬೇಕಾದ ಕೂಸು, ಬೀಗರನ್ನು ಕರೆಯುವ ಹಾಗೆ "ಊಟಕ್ಕ ಬರ್ರಿ" ಅನ್ನುತ್ತಿತ್ತು. ಒಂದು ಸಲ 'ಮಾಮಾ' ಅನ್ನು ಅಂತ ಕೇಳಲು ನನಗೇನು ಧಾಡಿಯೋ, ಕೇಳಲಿಲ್ಲ.

ಭೀಮರಾಯನಗುಡಿಯ ಕಚೇರಿಯಲ್ಲಿ ಕಾಲುವೆ ನೀರು ಅಳೆಯುವುದು ನನ್ನ ನೌಕರಿ. ಮನೆಯಲ್ಲೂ ನೀರಿನದೇ ಹುಚ್ಚು. ವರ್ಷಾನುಗಟ್ಟಲೆ ಸಿಹಿನೀರಿನ ಮೀನು ಸಾಕಿದವನು ಹೋದ ಬೇಸಿಗೆಯ ಕೊನೆಗೆ ಜೀವಂತ ಹವಳ ಬೆಳೆಸಲೆಂದು ಉಪ್ಪುನೀರಿನ ಗಾಜಿನ ತೊಟ್ಟಿ ಕೂಡಿಸಿದೆ. "ಬಿಸಲಾಗ ಮಂದಿ ಕುಡ್ಯಾಕ ಸಿಹಿನೀರು ಹುಡುಕಾಕತ್ತಾರ, ಇವ್ರು ನೀರಿಗೆ ಉಪ್ಪು ಬೆರಸಾಕತ್ತಾರ" ಎಂದು ಹೆಂಡತಿ ಆಡಿಕೊಂಡಳು. ಸೋಸಿದ ನೀರಿಗೆ ಸಮುದ್ರದ ಉಪ್ಪು ಕಲಸಿ, ಕಲ್ಲು ಜೋಡಿಸಿ, ಆರು ವಾರ ಹಾಗೇ ಬಿಡಬೇಕು. ಹಾಲು ಹೆಪ್ಪುಗೊಳ್ಳುವ ಹಾಗೆ ಕಣ್ಣಿಗೆ ಕಾಣದ ಜೀವಿಗಳು ಒಳಗೆ ನೆಲೆಯಾಗಬೇಕು. ಹುಡುಗಿ ಶಾಲೆಯಿಂದ ಬಂದವಳೇ ಆ ಖಾಲಿ ತೊಟ್ಟಿಯ ಮುಂದೆ ಕೂರುತ್ತಿದ್ದಳು. ನನ್ನ ಜೊತೆ ಮಾತಿಲ್ಲದಿದ್ದರೂ ನನ್ನ ನೀರಿನ ಜೊತೆ ಇದ್ದಾಳಲ್ಲ ಅಂತ ನನಗೆ ಅಷ್ಟೇ ಸಮಾಧಾನ.

ಹವಳ ಆರಿಸಲು ಅವಳನ್ನೂ ಕರೆದುಕೊಂಡು ಯಾದಗಿರಿಯಿಂದ ಹೈದರಾಬಾದಿನ ರೈಲು ಹತ್ತಿದೆ. ಮೀನು, ಹವಳ ಮಾರುವ ಅಂಗಡಿಯ ಮುದುಕರು ನಮ್ಮ ಕಡೆಯವರೇ. ನಾನು ಕೊಂಬೆ ಕೊಂಬೆಯಾಗಿದ್ದ ನೀಲಿ ಹವಳಕ್ಕೆ ಕೈ ತೋರಿಸಿದೆ.

"ಬ್ಯಾಡ್ರಿ. ಇದಕ್ಕ ಬೆಳಕ, ಉಪ್ಪ, ಸುಣ್ಣ ಎಲ್ಲಾ ತೂಗಿ ಕೊಡಬೇಕು. ನಿಮ್ಮ ಊರ ಬಿಸಲಿಗೆ ನಾಕ ದಿನ ತಾಳಂಗಿಲ್ಲ."

ಅಂಗಿಯ ಗುಂಡಿಗಳ ಹಾಗಿದ್ದ ಬಣ್ಣಬಣ್ಣದ ಇನ್ನೊಂದು ಹವಳ ತೋರಿಸಿದೆ.

"ಗಟ್ಟಿ ಜೀವ ಖರೆ, ಆದ್ರ ಮೈಯಾಗ ವಿಷ ಇರ್ತೈತಿ. ಮನ್ಯಾಗ ಕೂಸು ಐತಲ್ರಿ." ಮುದುಕರು ತೊಟ್ಟಿಯ ನೀರಿನೊಳಗೇ ಒಂದು ಚಿಕ್ಕ ಕಲ್ಲನ್ನು ಎತ್ತಿ ತೋರಿಸಿದರು. ಅದರ ಮೇಲೆ ಕಂದುಗೆಂಪಿನ ಅಣಬೆ ಹವಳ, ಅಗಲ ಎರಡು ಬೆರಳು. "ಮೊದಲನೇ ಸಲಕ್ಕ, ತಪ್ಪು ಮಾಡಿದ್ರೂ ಮಾಫ್ ಮಾಡೋವಂಥಾದ್ದು ಒಯ್ಯಬೇಕ್ರಿ."

ಥೂ, ಇದೇನು ಹವಳ ಅಂತ ನನಗೆ ಅನ್ನಿಸಿತು. ಹುಡುಗಿ ಮಾತ್ರ ಗಾಜಿಗೆ ಮೂಗು ಹಚ್ಚಿ, "ಇದಕ್ಕ ಬಾಯಿ ಐತೇನ್ರಿ?" ಅಂದಳು. ಅವರು ನಡುವಿನ ಚುಕ್ಕೆ ತೋರಿಸಿದರು.

"ಸಮುದ್ರದಿಂದ ಕಿತ್ತಿದ್ದೇನ್ರಿ?"

"ಇಲ್ಲವ್ವಾ. ತೊಟ್ಟ್ಯಾಗ ಬೆಳೆದದ್ದು. ತಾಯಿ ಹವಳದ್ದು ಒಂದು ತುಂಡು ಬ್ಯಾರೆ ಮಾಡಿ ಬೆಳಸ್ತೀವಿ."

"ತಾಯಿನ್ನ ಬಿಟ್ಟು ಬದುಕತೈತೇನ್ರಿ?"

ಮುದುಕರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. "ಬದುಕತೈತವ್ವಾ," ಅಂದರು. "ಮೊದಲ ಒಂದಿಷ್ಟು ದಿನ ಮುದುಡಿ ಕುಂದರತೈತಿ. ಆಗ ಯಾರೂ ಕೆಣಕಬಾರದು."

ಅದನ್ನೇ ಕೊಂಡೆವು. ಯಾದಗಿರಿ ಬರುವ ತನಕ ಹುಡುಗಿ ಹವಳವಿದ್ದ ಥರ್ಮಕೋಲ್ ಡಬ್ಬಿಯನ್ನು ತೊಡೆಯಿಂದ ಇಳಿಸಲಿಲ್ಲ.

ಶ್ರಾವಣ ಬಂತು, ಪಂಚಮಿ ಬಂತು. ನಮ್ಮಲ್ಲಿ ನಾಗಪ್ಪನಿಗೆ ಹಾಲೆರೆಯುವಾಗ ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಪಾಲು ಹಾಕುತ್ತಾರೆ: ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು. ಹೆಂಡತಿ ಎಲ್ಲರ ಪಾಲನ್ನೂ ಎರೆದಳು. ಹುಡುಗಿ ಕೊಬ್ಬರಿ ಬಟ್ಟಲಿನಲ್ಲಿ ಹಾಲು ಹಿಡಿದು ಸುಮ್ಮನೆ ನಿಂತಿದ್ದಳು. ಆಮೇಲೆ ನೋಡುತ್ತೇನೆ, ಪಡಸಾಲೆಯ ತೊಟ್ಟಿಯ ನೀರು ಬೆಳ್ಳಗೆ ಕದಡಿದೆ, ಅವಳ ಕೈಯಲ್ಲಿ ಖಾಲಿ ಬಟ್ಟಲು.

ನನ್ನ ಸಿಟ್ಟು ಮೂಗಿನ ತುದಿಯದು. "ಬುದ್ಧಿ ಐತಿಲ್ಲ ನಿನಗ? ನಿಮ್ಮ ಮನ್ಯಾಗ ಹಿಂಗ ಮಾಡತಿದ್ದೇನು?" ಎಂದು ಕಿರುಚಿದೆ.

ನಿಮ್ಮ ಮನೆ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹುಡುಗಿ ಅಳಲಿಲ್ಲ, ಸಣ್ಣ ದನಿಯಲ್ಲಿ ಹೇಳಿದಳು: "ಕಲ್ಲಿನ ನಾಗಪ್ಪಗ ಬಾಯಿ ಇಲ್ರಿ. ಇದಕ್ಕ ಐತಿ. ಅವ್ವನ ಪಾಲು ಕುಡೀಲಿ ಅಂತ ಹಾಕಿದ್ನಿ."

ಅವತ್ತು ಹೋಳಿಗೆ ನನಗೆ ಸೇರಲಿಲ್ಲ. ಅರ್ಧ ನೀರು ತೆಗೆದು ಹೊಸ ಉಪ್ಪುನೀರು ತುಂಬಿದೆ, ಮರುದಿನ ಮತ್ತೆ ತುಂಬಿದೆ. ಅಣಬೆ ಹವಳ ಒಣದ್ರಾಕ್ಷಿಯಷ್ಟಾಗಿ ಕಲ್ಲಿಗೆ ಅಂಟಿಕೊಂಡಿತು. ಅದು ಸತ್ತರೆ ತಾಯಿಯ ಪಾಲು ಚೆಲ್ಲಿಹೋಯಿತು ಅಂತ ಈ ಕೂಸು ತಿಳಿಯುತ್ತದೆ, ಆಮೇಲೆ ಈ ಜನ್ಮದಲ್ಲಿ ನನ್ನನ್ನು ಮಾಮಾ ಅನ್ನುವುದಿಲ್ಲ ಎಂದು ಹೆದರಿ ಸತ್ತೆ. ಮೂರನೇ ದಿನ ಅವಳ ಪಕ್ಕದಲ್ಲಿ ನೆಲಕ್ಕೆ ಕುಳಿತೆ. "ತಪ್ಪು ನಂದವ್ವಾ. ಇದ ನಿನ್ನ ಮನಿ. ಸಿಟ್ಟಿನಾಗ ಬಾಯಿಗೆ ಬಂದದ್ದು ಅಂದೆ," ಎಂದೆ. ಅವಳು ತೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ಅವಳ ಕೂಗಿಗೆ ಓಡಿ ಬಂದೆ. "ಬರ್ರಿ, ಲಗೂನ ಬರ್ರಿ, ಅರಳೇತಿ!" ಹವಳ ಎಂದಿನ ಹಾಗೆ ಅಗಲವಾಗಿತ್ತು. ಕರೆದದ್ದು 'ಬರ್ರಿ' ಅಂತಲೇ, ಆದರೂ ಕರೆದದ್ದು ನನ್ನನ್ನೇ.

ಈ ವರ್ಷದ ಪಂಚಮಿಗೆ ಆ ಕಲ್ಲಿನ ಮೇಲೆ ಮೂರು ಅಣಬೆ ಹವಳ. ಹುಡುಗಿ ತಾನೇ ಮುಂದೆ ಬಂದು ನಾಗಪ್ಪನಿಗೆ ಹಾಲೆರೆದಳು. "ಅವ್ವನ ಪಾಲು. ಅಪ್ಪನ ಪಾಲು. ಅತ್ತಿ ಪಾಲು. ಅಣಬಿ ಪಾಲು, ಅದರದ್ದೂ ಇಲ್ಲೇ ಹಾಕೀನಿ." ಬಟ್ಟಲಿನ ತಳದಲ್ಲಿ ಒಂದಿಷ್ಟು ಉಳಿದಿತ್ತು. ಅವಳು ತಿರುಗಿ ನನ್ನನ್ನೇ ನೋಡಿ ಎರಡೇ ಎರಡು ಹನಿ ಬಿಟ್ಟಳು.

"ಮಾಮಾನ ಪಾಲು. ನೀ ಹ್ವಾದ ವರ್ಷ ಬೈದಿದ್ದಿ, ಅದಕ್ಕ ಸ್ವಲ್ಪ ಹಾಕೀನಿ."